ಹದಿನಾಲ್ಕನೇ ಕಲಮು

ಎಲ್ಲಾ ಶುರುವಾದದ್ದು ಒಂದು ಕೆಂಪು ಗುರುತಿನಿಂದ. ನಮ್ಮ ಕಾರ್ವರ್ ಮಿಲ್ಸ್ ಊರಿನ ಗಿರಣಿ ಬೀದಿಯಲ್ಲಿ ಅಕ್ಕಪಕ್ಕ ಎರಡು ಮರಗಳಿದ್ದವು. ಒಂದು, ಹುಳ ಹಿಡಿದು ಸತ್ತುಹೋದ ಆ್ಯಶ್ ಮರ. ಇನ್ನೊಂದು ಎಲ್ಮ್. ಓಹಾಯೋದ ಎಲ್ಮ್ ಮರಗಳೆಲ್ಲ ರೋಗ ಬಂದು ಉರುಳಿದಾಗ ಇದೊಂದು ಜಗ್ಗದೆ ನಿಂತಿತ್ತು. ಊರಿಗೆ ನೆಂಟರು ಬಂದರೆ ಮೊದಲು ಇದನ್ನು ತೋರಿಸಿ, ಆಮೇಲೆ ಕಾಫಿ ಕೊಡುವುದು ನಮ್ಮ ಪದ್ಧತಿ. ಏಪ್ರಿಲ್ ಮೊದಲ ವಾರವಾದ್ದರಿಂದ ಎರಡರಲ್ಲೂ ಎಲೆಯಿರಲಿಲ್ಲ. ಗುರುತು ಹಾಕಲು ಬಂದವರು ಸತ್ತದ್ದನ್ನು ಬಿಟ್ಟು ಬದುಕಿದ್ದಕ್ಕೆ ಬಣ್ಣ ಬಳಿದು ಹೋಗಿದ್ದರು.

ಬೆಳಿಗ್ಗೆ ಎಂಟಕ್ಕೆ ಆರಿನ್ ಸ್ಟಬ್ಸ್ ತನ್ನ ಬೂಟು ರಿಪೇರಿ ಅಂಗಡಿಯ ಬಾಗಿಲು ತೆಗೆಯಲು ಬಂದಾಗ, ನಗರದ ರಸ್ತೆ ವಿಭಾಗದ ಡ್ವೇನ್ ಪೀಟ್ರಿ ಎಲ್ಮ್ ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಗರಗಸದ ಮಿಷನ್ನಿಗೆ ಎಣ್ಣೆ ಹಾಕುತ್ತಿದ್ದ. ಆರಿನ್ ಬೀಗದ ಕೈ ಹಿಡಿದುಕೊಂಡೇ ಅತ್ತ ಓಡಿದ. ಅವನು ಊರಿನ ಮೇಯರ್ ಬೇರೆ. ಅಧಿಕಾರಕ್ಕೆ ಬಂದು ಮೂರು ತಿಂಗಳಾಗಿತ್ತು.

ಇದು ಸತ್ತ ಮರವಲ್ಲ, ಪಕ್ಕದ್ದು ಎಂದು ಆರಿನ್ ಹೇಳಿದ. ಡ್ವೇನ್ ಜೇಬಿನಿಂದ ಚೀಟಿ ತೆಗೆದು ತೋರಿಸಿದ. ಕೆಂಪು ಗುರುತಿನ ಮರ ಕಡಿಯತಕ್ಕದ್ದು ಎಂದು ಮ್ಯಾನೇಜರ್ ಕಚೇರಿಯ ಆರ್ಡರು.

"ನಂಗೂ ಅನುಮಾನಾನೇ ಸಾಹೇಬ್ರೇ," ಅಂದ ಡ್ವೇನ್. "ನೀವು ಒಂದ್ ಮಾತು ನಿಲ್ಸು ಅನ್ನಿ, ನಿಲ್ಲಿಸ್ಬಿಡ್ತೀನಿ."

ಆರಿನ್ ಬಾಯಿ ತೆರೆದ. ಹಾಗೇ ಮುಚ್ಚಿದ.

ಕಾರಣವಿತ್ತು. ಹಿಂದೆ ನಮ್ಮೂರಲ್ಲಿ ಒಬ್ಬ ಮೇಯರ್ ಇದ್ದ. ಅವನ ಮಾವನ ಮನೆಯ ಬೀದಿಗೆ ವರ್ಷಕ್ಕೆರಡು ಸಲ ಡಾಂಬರು ಬೀಳುತ್ತಿತ್ತು, ಬೇರೆ ಬೀದಿಗಳಲ್ಲಿ ಮೀನು ಸಾಕಬಹುದಿತ್ತು. ಜನ ರೋಸಿಹೋಗಿ ಹೊಸ ಸನ್ನದು ಬರೆಸಿದರು. ಊರಿನ ಅಧಿಕಾರ ಯಾರ ಕೈಯಲ್ಲಿ ಎಷ್ಟು ಎಂದು ಗೊತ್ತುಮಾಡಿದ ಕಾಯ್ದೆ ಪುಸ್ತಕ ಅದು. ಕೌನ್ಸಿಲ್ ನಿಯಮ ಮಾಡಬೇಕು, ಕೌನ್ಸಿಲ್ ನೇಮಿಸಿದ ಮ್ಯಾನೇಜರ್ ಕೆಲಸ ಮಾಡಿಸಬೇಕು, ಮೇಯರ್ ಸಭೆ ನಡೆಸಿ ರಿಬ್ಬನ್ ಕತ್ತರಿಸಬೇಕು. ಹದಿನಾಲ್ಕನೇ ಕಲಮಿನ ಪ್ರಕಾರ ಮೇಯರಾಗಲಿ ಕೌನ್ಸಿಲ್ ಸದಸ್ಯರಾಗಲಿ ನಗರದ ಯಾವ ನೌಕರನಿಗೂ ನೇರವಾಗಿ ಆಜ್ಞೆ ಕೊಡಕೂಡದು, ಕೊಟ್ಟರೆ ಪದವಿ ಹೋಯಿತು. ಆ ಕಲಮನ್ನು ಬರೆದವನು ಇದೇ ಆರಿನ್. ಚರ್ಚಿನ ನೆಲಮಾಳಿಗೆಯಲ್ಲಿ ಒಂದು ಇಡೀ ಚಳಿಗಾಲ ಕೂತು, ಅಲ್ಪವಿರಾಮವನ್ನೂ ಬಿಡದೆ ತೂಗಿ ಬರೆದಿದ್ದ. ಈಗದು ಅವನ ಅಂಗಡಿಯ ಗೋಡೆಯಲ್ಲಿ ಮದುವೆ ಫೋಟೋದ ಪಕ್ಕ, ಅದಕ್ಕಿಂತ ದೊಡ್ಡ ಕಟ್ಟಿನಲ್ಲಿ ತೂಗಾಡುತ್ತಿತ್ತು.

"ನಾನು ಹೇಳೋ ಹಾಗಿಲ್ಲಪ್ಪ," ಅಂದ ಆರಿನ್. "ನೀನು ಒಂದು ಕಾಫಿ ಕುಡ್ಕೊಂಡು ಬಾ. ಇದು ಆಜ್ಞೆ ಅಲ್ಲ. ನಿಂಗೆ ಬಾಯಾರಿರೋ ಹಾಗೆ ಕಾಣ್ತಿದೆ, ಅಷ್ಟೇ."

ಡ್ವೇನ್ ಕಾಫಿಗೆ ಹೋದ. ಅಷ್ಟರಲ್ಲಿ ಎದುರುಮನೆಯ ಮಾಡ್ ಎಲ್ಲರಿ ಕೋಲೂರಿಕೊಂಡು ಬಂದರು. ಎಂಬತ್ತೆರಡು ವರ್ಷ, ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು. ಮೂರನೇ ಕ್ಲಾಸಿನಲ್ಲಿ ಆರಿನ್‌ನನ್ನು ಮೂಲೆಯಲ್ಲಿ ನಿಲ್ಲಿಸಿದ್ದರು. ಈಗಲೂ ಕರೆದರೆ ಮತ್ತೆ ಹೋಗಿ ನಿಲ್ಲುತ್ತಾನೆ ಎಂಬ ನಂಬಿಕೆ ಅವರಿಗಿತ್ತು.

"ಏನೋ ಆರಿನ್, ಮೇಯರ್ ಆಗಿ ಒಂದು ಮರ ಉಳಿಸೋಕಾಗಲ್ವೇನೋ ನಿಂಗೆ?"

ಆರಿನ್ ಕಲಮು ವಿವರಿಸಿದ. ಹಾಗಾದರೆ ಕೌನ್ಸಿಲ್ ಕರೆಯುತ್ತೇನೆ ಎಂದು ಟೀಚರು ಹೊರಟರು. ಐವರು ಸದಸ್ಯರಲ್ಲಿ ಮೂವರನ್ನು ಹತ್ತು ನಿಮಿಷದಲ್ಲಿ, ಒಬ್ಬನನ್ನು ಅರ್ಧ ಗಡ್ಡ ಹೆರೆದ ಸ್ಥಿತಿಯಲ್ಲೇ, ಎಳೆದುಕೊಂಡು ಬಂದರು. ಆರಿನ್ ದೂರದಿಂದಲೇ ಎರಡೂ ಕೈ ಎತ್ತಿ ತಡೆದ. ಮೂವರು ಒಂದೆಡೆ ನಿಂತು ಊರಿನ ವಿಷಯ ಮಾತಾಡಿದರೆ ಅದು ಸಭೆಯಾಗುತ್ತದೆ, ಸಭೆಗೆ ಒಂದು ದಿನ ಮುಂಚೆ ನೋಟಿಸು ಬೇಕು. ಕೊನೆಗೆ ಇಬ್ಬರು ಈಚೆ ಫುಟ್‌ಪಾತಿನಲ್ಲಿ, ಅರ್ಧ ಗಡ್ಡದವನು ಆಚೆ ಫುಟ್‌ಪಾತಿನಲ್ಲಿ, ಜಗಳವಾಡಿಕೊಂಡ ಬೀಗರ ಹಾಗೆ ನಿಂತರು.

ಉಳಿದದ್ದು ಮ್ಯಾನೇಜರ್. ಆಕೆ ರಾಜಧಾನಿಯಲ್ಲಿ ಯಾವುದೋ ಸಮ್ಮೇಳನದಲ್ಲಿದ್ದಳು, ಫೋನು ಬಂದ್ ಆಗಿತ್ತು. ಆರಿನ್ ನಗರ ಕಚೇರಿಯ ಗುಮಾಸ್ತೆ ಲೂಸಿಲ್ ಹತ್ತಿರ ಓಡಿದ. ತಾನು ಊರಲ್ಲಿಲ್ಲದಾಗ ತನ್ನ ಜಾಗದಲ್ಲಿ ಯಾರು ಎಂದು ಮ್ಯಾನೇಜರ್ ಲಕೋಟೆಯಲ್ಲಿ ಬರೆದಿಟ್ಟಿರಬೇಕು, ಅದೂ ಸನ್ನದಿನಲ್ಲೇ ಇದೆ. ಲೂಸಿಲ್ ಲಕೋಟೆ ಒಡೆದಳು. ಅಗ್ನಿಶಾಮಕ ದಳದ ಮುಖ್ಯಸ್ಥ ಗಸ್ ಹೋಕನ್‌ಸನ್ ಎಂದಿತ್ತು. ಗಸ್ ಎಲ್ಲಿ? ಹಲ್ಲು ಕೀಳಿಸಲು ಹೋಗಿದ್ದಾನೆ.

ಡಾಕ್ಟರ ಕುರ್ಚಿಯಿಂದ ಗಸ್ ನೇರ ಗಿರಣಿ ಬೀದಿಗೇ ಬಂದ. ಕೆನ್ನೆ ಕುಂಬಳಕಾಯಿಯಾಗಿತ್ತು, ತುಟಿ ಮರಗಟ್ಟಿತ್ತು. ಅಷ್ಟು ಹೊತ್ತಿಗೆ ಡ್ವೇನ್ ನಾಲ್ಕನೇ ಕಾಫಿ ಮುಗಿಸಿ, ಇನ್ನು ಒಂದು ಗುಟುಕೂ ಇಳಿಯಲ್ಲ ಎಂದು ಮರಳಿದ್ದ. ಬೀದಿ ತುಂಬ ಜನ. ಆರಿನ್ ಟೊಪ್ಪಿ ತೆಗೆದು, ಇದು ಮೇಯರ್ ಕೇಳುತ್ತಿರುವ ವಿಚಾರಣೆಯೇ ಹೊರತು ಆಜ್ಞೆಯಲ್ಲ ಎಂದು ಪೀಠಿಕೆ ಹಾಕಿ ವಿಷಯ ತಿಳಿಸಿದ. ಗಸ್ ಎರಡೂ ಮರಗಳನ್ನು ಮೇಲಿಂದ ಕೆಳಗೆ ನೋಡಿ, ಗಂಭೀರವಾಗಿ ಎಲ್ಮ್ ಕಡೆ ಬೆರಳು ಮಾಡಿ ಹೇಳಿದ.

"ಕಡೀಬೇ..."

ಕೊನೆಯ ಅಕ್ಷರ ತುಟಿಯಲ್ಲೇ ಸತ್ತಿತು. ಬೇಡವೋ ಬೇಕೋ? ಅರ್ಧ ಬೀದಿ ಬೇಡ ಎಂದಿತು, ಇನ್ನರ್ಧ ಬೇಕು ಎಂದಿತು. ಗಸ್ ಮತ್ತೆ ಹೇಳಿದ, ಈ ಸಲ ಜೊಲ್ಲು ಮಾತ್ರ ಸ್ಪಷ್ಟವಾಗಿ ಬಂತು. ಡ್ವೇನ್ ಪಾಪ, ಬೇಕು ಎಂದೇ ಕೇಳಿಸಿಕೊಂಡು ಮಿಷನ್ನಿನ ಹಗ್ಗ ಎಳೆದ. ಅದು ಗುರ್ರೆಂದಿತು.

ಆರಿನ್ ಹೋಗಿ ಎಲ್ಮ್ ಮರವನ್ನು ಎರಡೂ ಕೈಯಿಂದ ತಬ್ಬಿಕೊಂಡು, ಕೆಂಪು ಗುರುತಿಗೆ ಕೆನ್ನೆ ಒತ್ತಿ ನಿಂತ. ಬಣ್ಣ ಇನ್ನೂ ಹಸಿಯಿತ್ತು. ಎಂಟಿಂಚಿನಾಚೆ ಗರಗಸ ತಿರುಗುತ್ತಿತ್ತು. ಆದರೂ ಅವನ ಬಾಯಿಂದ ಒಂದು ಆಜ್ಞೆಯೂ ಹೊರಡಲಿಲ್ಲ. ಡ್ವೇನ್ ತಾನಾಗಿಯೇ ಮಿಷನ್ ಆರಿಸಿದ. ಲೂಸಿಲ್ ಪೆನ್ನು ಕಾಗದ ಹಿಡಿದು ಓಡಿಬಂದಳು. ಗಸ್ ಬರೆದ: ಕಡಿಯಬೇಡ. ಪಕ್ಕದ್ದು ಕಡಿ.

ಜನ ಚಪ್ಪಾಳೆ ತಟ್ಟಿದರು. ಸತ್ತ ಮರ ಬಿತ್ತು, ಎಲ್ಮ್ ಉಳಿಯಿತು. ಆರಿನ್ ಅಂದು ಸಂಜೆಯವರೆಗೆ ಬಂದ ಗಿರಾಕಿಗಳಿಗೆಲ್ಲ ಅದನ್ನೇ ಹೇಳಿದ. ಮರ ಉಳಿದದ್ದು ದೊಡ್ಡದಲ್ಲ, ಒಂದು ಕಲಮನ್ನೂ ಮುರಿಯದೆ ಉಳಿಯಿತಲ್ಲ, ಅದು. ಬೇರೆ ಯಾವ ಊರಿನ ಸನ್ನದಿಗೆ ಈ ತಾಕತ್ತಿದೆ? ಕೆನ್ನೆಯ ಕೆಂಪನ್ನು ಒರೆಸಲೂ ಇಲ್ಲ.

ಅಂಗಡಿ ಮುಚ್ಚುವ ಹೊತ್ತಿಗೆ ಮಾಡ್ ಟೀಚರು ಒಂದು ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು ಬಂದರು. ಅಭಿನಂದನಾ ಪತ್ರವಿರಬೇಕೆಂದು ಆರಿನ್ ಏಪ್ರನ್ನಿಗೆ ಕೈ ಒರೆಸಿಕೊಂಡು ಅದನ್ನು ಎರಡೂ ಕೈಯಿಂದ ತೆಗೆದುಕೊಂಡ. ನಗರದ ಸನ್ನದಿನಿಂದ ಮೇಯರ್ ಹುದ್ದೆಯನ್ನು ತೆಗೆದುಹಾಕಲು ನಾಗರಿಕರ ಮನವಿ, ಎಂದಿತ್ತು.

"ಬೇಜಾರಾಗ್ಬೇಡ ಕಣೋ," ಅಂದರು ಟೀಚರು. "ನೀನು ಬರೆದದ್ದು ಎಷ್ಟು ಗಟ್ಟಿ ಅಂತ ಇವತ್ತೇ ಗೊತ್ತಾಗಿದ್ದು. ಮೇಯರ್ ಬಾಯೇ ಬಿಡ್ದೆ ಎಲ್ಲಾ ಸರಿಹೋಯ್ತು. ಹಾಗಿದ್ಮೇಲೆ ಮೇಯರ್ ಯಾಕೆ?"

ಆಗಲೇ ಒಂದು ಪುಟ ಸಹಿ ತುಂಬಿತ್ತು. ಡ್ವೇನ್ ಇದ್ದ, ಗಸ್ ಇದ್ದ. ಎಲ್ಲರಿಗಿಂತ ಮೇಲೆ, ದುಂಡಗಿನ ಅಕ್ಷರದಲ್ಲಿ, ಆರಿನ್‌ನ ಹೆಂಡತಿ ವರ್ನಾ ಇದ್ದಳು. ಇನ್ನು ಕೌನ್ಸಿಲ್ ಸಭೆಯಿರುವ ಮಂಗಳವಾರವೂ ಗಂಡ ಊಟದ ಹೊತ್ತಿಗೆ ಮನೆಗೆ ಬರುತ್ತಾನಲ್ಲ ಎಂದು ಖುಷಿಯಿಂದ ಹಾಕಿದಳಂತೆ.

ಆರಿನ್ ಕನ್ನಡಕ ಏರಿಸಿ ಎರಡನೇ ಸಲ ಓದಿದ. ಅವನ ಕಣ್ಣು ಪುಟದ ತಳದಲ್ಲಿ ನಿಂತಿತು. ಸಹಿಗಳನ್ನು ನನ್ನ ಕಣ್ಣೆದುರೇ ಹಾಕಿಸಿದ್ದೇನೆ ಎಂದು ಸಂಗ್ರಹಿಸಿದವರು ಕೊಡಬೇಕಾದ ಹೇಳಿಕೆ ಇರಲಿಲ್ಲ. ಅದಿಲ್ಲದ ಪುಟ ಬರೀ ರದ್ದಿ. ಲೂಸಿಲ್ ಸೋಮವಾರ ನೋಡಿದವಳೇ ಬುಟ್ಟಿಗೆ ಹಾಕುತ್ತಾಳೆ. ಅವನು ಸುಮ್ಮನಿದ್ದರೆ ಸಾಕಿತ್ತು.

ಆದರೆ ಅವನು ಟೀಚರಿಗೆ ಸ್ಟೂಲು ಎಳೆದು ಹಾಕಿದ.

"ಕೂತ್ಕೊಳ್ಳಿ ಟೀಚರ್. ಹಿಂಗೇ ಕೊಟ್ರೆ ಇದು ನಿಲ್ಲಲ್ಲ. ನಾನು ಹೇಳ್ತೀನಿ, ನೀವು ಬರ್ಕೊಳ್ಳಿ."

ಟೀಚರು ಬರೆದುಕೊಂಡರು. ಮುಗಿದ ಮೇಲೆ ತಾವೇ ಒಮ್ಮೆ ಓದಿ ನೋಡಿ, ಒಂದೂ ತಪ್ಪಿಲ್ಲ, ಜಾಣ ಅಂದರು. ಆ ಮಾತನ್ನು ಅವರು ಮೂರನೇ ಕ್ಲಾಸಿನಲ್ಲಿ ಒಂದು ಸಲವೂ ಅಂದಿರಲಿಲ್ಲ. ಆರಿನ್ ಎದೆಯುಬ್ಬಿಸಿ, ಪೆನ್ನು ಇಸಿದುಕೊಂಡು ತಾನೂ ಸಹಿ ಹಾಕಿದ. ಉದ್ಯೋಗ ಎಂಬಲ್ಲಿ ಸ್ವಲ್ಪ ಹೊತ್ತು ಯೋಚಿಸಿ 'ಬೂಟು ರಿಪೇರಿ' ಎಂದು ಬರೆದ.