ರಸಪ್ರಶ್ನೆಗೆ ಅರ್ಧ ಮಾರ್ಕು

ಲೋಕದ ಚರಿತ್ರೆ ನಡೆದು ಮುಗಿದಿದೆ, ಇನ್ನು ಅದನ್ನು ಯಾರಿಂದಲೂ ಕೆಡಿಸೋಕಾಗಲ್ಲ ಅಂತ ನೀವು ತಿಳಿದಿದ್ದರೆ, ಹಾಸನ ಜಿಲ್ಲೆಗೆ ಬಂದು ಒಂದು ರಸಪ್ರಶ್ನೆ ನಡೆಸಿ ನೋಡಿ. ನಾನು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ರಿಟೈರ್ ಆದ ಮೇಷ್ಟ್ರು. ಹೋದ ವರ್ಷ ಒಂದು ಸಂಘದವರು ತಾಲ್ಲೂಕಿಗೊಂದು ಸುತ್ತು, ಹಾಸನದಲ್ಲಿ ಫೈನಲ್ ಅಂತ ಸ್ಪರ್ಧೆ ಇಟ್ಟು, ನನ್ನ ಕೈಗೆ ಮೈಕು ಕೊಟ್ಟರು. ತಪ್ಪು ಉತ್ತರಕ್ಕೆ ಅರ್ಧ ಮಾರ್ಕೂ ಕೊಡಲ್ಲ, ಕೊಟ್ಟ ದಿನ ಮೈಕು ಕೆಳಗಿಟ್ಟು ಮನೆಗೆ ಹೋಗ್ತೀನಿ ಅಂತ ಮೊದಲೇ ಹೇಳಿದ್ದೆ. ಆಯ್ತು ಆಯ್ತು ಅಂದರು. ಆಯ್ತು ಅನ್ನೋಕೆ ಅವರ ಗಂಟೇನು ಹೋಗಬೇಕು?

ಹೊಳೆನರಸೀಪುರ

ಮೊದಲ ಪ್ರಶ್ನೆಯೇ ಮೋನಾಲಿಸಾ ಚಿತ್ರ ಬರೆದವರು ಯಾರು ಅಂತ. ಒಬ್ಬ ಹುಡುಗಿ ಲಿಯೊನಾರ್ಡೊ ಡಾ ವಿಂಚಿ ಅಂತ ಪಟ್ಟಂತ ಹೇಳಿದಳು. ಖುಷಿಯಾಗಿ ಹತ್ತು ಮಾರ್ಕು ಹಾಕಿದೆ.

ಅಷ್ಟರಲ್ಲಿ ಮುಖ್ಯ ಅತಿಥಿಗಳು ಬೇರೆ ಕಾರ್ಯಕ್ರಮಕ್ಕೆ ಹೊರಟರು. ಹೊರಡುವ ಮುಂಚೆ ನಾಲ್ಕು ಮಾತಾಡದೆ ಬಿಡ್ತಾರೆಯೇ? ಇಂಥ ಮಹಾನ್ ಕಲಾವಿದರಿಗೆ ಇನ್ನೂ ಮಾಸಾಶನ ಮಂಜೂರಾಗಿಲ್ಲ ಅನ್ನೋದು ನಾಚಿಕೆಗೇಡು, ಸಂಬಂಧಪಟ್ಟವರ ಗಮನಕ್ಕೆ ತರ್ತೀನಿ ಅಂತ ಭರವಸೆ ಕೊಟ್ಟರು. ಜನ ಚಪ್ಪಾಳೆ ಹೊಡೆದರು. ಅವರು ಸತ್ತು ಐನೂರು ವರ್ಷವಾಯ್ತು ಸ್ವಾಮಿ ಅಂತ ನಾನು ಕಿವಿಯಲ್ಲಿ ಹೇಳಿದೆ.

ಅವರು ಮೈಕಿಗೆ ಕೈ ಅಡ್ಡ ಇಟ್ಟು ನನ್ನನ್ನೇ ಗದರಿಸಿದರು. "ಮತ್ತೆ ಮೊದ್ಲೇ ಯೋಳ್ಬಾರ್ದೇನ್ರಿ ಮೇಷ್ಟ್ರೇ? ಎರಡು ನಿಮಿಷ ಮೌನ ಆಚರಿಸ್ತಿದ್ವಿ."

ಅರಕಲಗೂಡು

ಇಲ್ಲಿ ನನ್ನ ಕೋಪ ನೆತ್ತಿಗೇರಿತು. ಗೆಲಿಲಿಯೊನನ್ನು ಧರ್ಮಗುರುಗಳು ವಿಚಾರಣೆಗೆ ಎಳೆದದ್ದು ಯಾಕೆ ಅಂತ ಕೇಳಿದೆ. ಭೂಮಿ ಸೂರ್ಯನ ಸುತ್ತ ತಿರುಗುತ್ತೆ ಅಂದಿದ್ದಕ್ಕೆ ಅನ್ನಬೇಕು. ಒಬ್ಬ ಹುಡುಗ ಎದ್ದು ನಿಂತು, "ಅವರ ಟೈಮ್ ಸರಿ ಇರ್ನಿಲ್ಲ ಸಾ" ಅಂದ.

ತಪ್ಪು ಅಂದೆ. ಮುಂದಿನ ಸಾಲಲ್ಲಿ ಕೂತಿದ್ದ ಊರಿನ ಜೋಯಿಸರು ಅದೆಂಗ್ರೀ ತಪ್ಪು ಅಂತ ಎದ್ದರು. ಗೆಲಿಲಿಯೊ ಹುಟ್ಟಿದ ನಕ್ಷತ್ರ ಯಾವುದು ಅಂತ ನನ್ನನ್ನೇ ಕೇಳಿದರು. ಗೊತ್ತಿಲ್ಲ ಅಂದೆ. ಜಾತಕವೇ ನೋಡದೆ ತಪ್ಪು ಅಂತೀರಲ್ಲ, ಸಾಡೇಸಾತಿ ಇದ್ದಿದ್ದರೆ ಹುಡುಗ ಹೇಳಿದ್ದೇ ಸರಿಯಾಗುತ್ತಲ್ಲ, ಅರ್ಧ ಮಾರ್ಕಾದರೂ ಕೊಡಿ ಅಂತ ಪಟ್ಟು ಹಿಡಿದರು. ಸಭೆಯೂ ಕೊಡಿ ಕೊಡಿ ಅಂತ ಶುರುಮಾಡಿತು. ಪ್ರಾಣ ಹೋದರೂ ಕೊಡಲ್ಲ ಅಂದೆ, ಕೊಡಲೂ ಇಲ್ಲ.

ಮೆಟ್ಟಿಲಿಳಿಯುವಾಗ ಜೋಯಿಸರು ಹತ್ತಿರ ಬಂದು, ಕನಿಕರದಿಂದ ನನ್ನ ನಕ್ಷತ್ರ ಕೇಳಿದರು.

ಚನ್ನರಾಯಪಟ್ಟಣ

ಪರಿಸರದ ಸುತ್ತು. ಮಾರಿಷಸ್ ದ್ವೀಪದಲ್ಲಿದ್ದು ನಿರ್ನಾಮವಾದ, ಹಾರಲಾರದ ಹಕ್ಕಿ ಯಾವುದು? ಡೋಡೊ. ಉತ್ತರ ಸರಿಯಾಗೇ ಬಂತು. ನಾನು ಸುಮ್ಮನಿರದೆ, ಹಡಗಿನವರು ಬಂದು ಅದನ್ನು ಹೊಡೆದು ತಿಂದರು, ಅವರ ಜೊತೆ ಬಂದ ಹಂದಿ, ಇಲಿಗಳು ಅದರ ಮೊಟ್ಟೆ ತಿಂದವು, ವಂಶವೇ ಅಳಿಯಿತು ಅಂತ ವಿವರಿಸಿದೆ. ಒಬ್ಬರ ಕಣ್ಣಾದರೂ ಒದ್ದೆಯಾಗಲಿ ಅಂತ ನನ್ನ ಆಸೆ.

ಹಿಂದಿನಿಂದ ಒಬ್ಬ ತೆಂಗಿನಕಾಯಿ ವ್ಯಾಪಾರಿ ಎದ್ದು, ಸಾರಿಗೆ ಚೆಂದವೋ ಫ್ರೈಗೆ ಚೆಂದವೋ ಅಂತ ಕೇಳಿದ. ಮೈಯೆಲ್ಲ ಉರಿದುಹೋಯಿತು. ನಿಮ್ಮಂಥವರ ಕೈಗೆ ಸಿಕ್ಕಿದ್ದರೆ ಒಂದು ದಿನವೂ ಬದುಕ್ತಿರಲಿಲ್ಲ ಅಂತ ಬೈದೆ. ಅವನಿಗೆ ನಿಜಕ್ಕೂ ಬೇಜಾರಾಯಿತು.

"ಅಂಗನ್ಬೇಡಿ ಸಾ. ಸೋಮವಾರ, ಶನಿವಾರ ನಾವು ಮುಟ್ಟಾಕಿಲ್ಲ."

ಹಾಸನ

ಫೈನಲ್ಲಿಗೆ ದುದ್ದದ ಕಡೆಯ ಮಕ್ಕಳು, ಕಟ್ಟಾಯದ ಕಡೆಯ ಮಕ್ಕಳು ಸಮಸಮ ಬಂದಿದ್ದರು. ಒಂದನೇ ಮಹಾಯುದ್ಧ ಶುರುವಾದ ಇಸವಿ ಕೇಳಿದೆ. ದುದ್ದದ ಹುಡುಗಿ ಸ್ಲೇಟಿನಲ್ಲಿ 1914 ಅಂತ ಬರೆದಳು. ಕಟ್ಟಾಯದವರು ಯುದ್ಧ ಮುಗಿದ ಇಸವಿ, 1918 ಬರೆದರು. ನಾನು ದುದ್ದಕ್ಕೆ ಮಾರ್ಕು ಹಾಕಲು ಕೈ ಎತ್ತಿದೆ.

ಆಗ ವೇದಿಕೆಗೆ ಒಬ್ಬ ಯಜಮಾನರು ಬಂದರು. ಸ್ವಂತ ಊರು ದುದ್ದದ ಹತ್ತಿರ, ಮಗಳನ್ನು ಕೊಟ್ಟಿರುವುದು ಕಟ್ಟಾಯದ ಕಡೆಗೆ. ಗದ್ದೆ ಬದುವಿನಿಂದ ಹಿಡಿದು ಗಂಡ ಹೆಂಡಿರ ಜಗಳದವರೆಗೆ ನ್ಯಾಯ ಹೇಳಿ ಪಳಗಿದವರು. ಎರಡು ಸ್ಲೇಟನ್ನೂ ನೋಡಿ, ತಲೆಯಾಡಿಸಿ, ನನ್ನ ಭುಜದ ಮೇಲೆ ಕೈಯಿಟ್ಟರು.

"ಎರಡೂ ನಮ್ಮೂರೇ ಕಣ್ ಸಾ. ಅವರ್ದೂ ಬ್ಯಾಡ, ಇವರ್ದೂ ಬ್ಯಾಡ. ಮಧ್ಯಕ್ಕೆ ಹದಿನಾರು ಅಂತ ಇಟ್ಕಬುಡಿ. ತಲಾ ಅರ್ಧ ಮಾರ್ಕು."

ಇದೆಂಥ ಅನ್ಯಾಯ! ನಾನು ಒಪ್ಪಲಿಲ್ಲ. ಸರಿ ಬರೆದ ಹುಡುಗಿಯನ್ನಾದರೂ ಕೇಳೋಣ, ಅವಳು ಬಿಟ್ಟುಕೊಡಲ್ಲ ಅಂತ ಆ ಕಡೆ ತಿರುಗಿದೆ. ಅವಳ ಸೋದರತ್ತೆ ಮನೆ ಕಟ್ಟಾಯದಲ್ಲಂತೆ. ಅವಳಾಗಲೇ ಸ್ಲೇಟು ಒರೆಸಿ 1916 ಅಂತ ಬರೆದುಕೊಂಡು ಕೂತಿದ್ದಳು. ಸಂಘದವರೂ ಬಗೆಹರೀತಲ್ಲ ಬಿಡಿ ಅಂದರು.

ನನಗೆ ತಡೆಯಲಿಲ್ಲ. ಯುದ್ಧವೇನು ನಿಮ್ಮ ಪಂಚಾಯ್ತಿ ಕೇಳಿಕೊಂಡು ಶುರುವಾಯ್ತೇನ್ರಿ ಅಂತ ಮೈಕಿನಲ್ಲೇ ಕೂಗಾಡಿಬಿಟ್ಟೆ.

ಯಜಮಾನರಿಗೆ ಒಂದಿಷ್ಟೂ ಕೋಪ ಬರಲಿಲ್ಲ. "ಅದೇ ಸಾ ಆದ ತಪ್ಪು" ಅಂದರು. "ಅವತ್ತು ಮಧ್ಯ ಕೂತು ಯೋಳೋರು ಒಬ್ಬರೂ ಇರ್ನಿಲ್ಲ. ಇದ್ದಿದ್ರೆ ಇವತ್ತು ನಿಮಗೆ ಕೇಳಾಕೆ ಪ್ರಶ್ನೆನೇ ಇರ್ತಿರ್ನಿಲ್ಲ."

ಜನ್ಮವೆಲ್ಲ ಆ ಯುದ್ಧದ ಕಾರಣಗಳನ್ನು ಬೋರ್ಡಿನ ಮೇಲೆ ಬರೆದವನು ನಾನು. ಈ ಕಾರಣವೊಂದನ್ನು ಬರೆದಿರಲಿಲ್ಲ. ಎರಡೂ ಕಡೆಗೆ ಅರ್ಧರ್ಧ ಮಾರ್ಕು ಹಾಕಿ, ಮೈಕನ್ನು ಅವರ ಕೈಗೇ ಕೊಟ್ಟು ಮನೆಗೆ ಬಂದೆ.

ಉಳಿದ ಪ್ರಶ್ನೆಗಳನ್ನೆಲ್ಲ ಅವರೇ ಕೇಳಿದರಂತೆ. ಯಾರೂ ಸೋಲಲಿಲ್ಲವಂತೆ.