ಸರ್ರಿ ತೋಟದ ಸನ್ಯಾಸಿ

ಇಷ್ಟಕ್ಕೆಲ್ಲ ಕಾರಣ ದ್ವಾರಕನಾಥನ ಗಡ್ಡ. ಹೆಂಡತಿ ಬಸುರಿಯಿದ್ದಾಗ ಗಂಡ ಕ್ಷೌರ ಮಾಡಿಸಿಕೊಳ್ಳಬಾರದೆಂದು ಅಮ್ಮ ಮೈಸೂರಿನಿಂದಲೇ ಕಟ್ಟಪ್ಪಣೆ ಮಾಡಿದ್ದರು. ಕೊಲ್ಲಿ ದೇಶದ ಕರಾಮದ ಕಚೇರಿಯಲ್ಲಿ ತೋಟಗಳ ನಕ್ಷೆ ಬರೆಯುತ್ತಿದ್ದ ಅವನನ್ನು ಒಂಬತ್ತನೇ ತಿಂಗಳಿಗೆ ಸ್ವಂತ ಪಾಸ್‌ಪೋರ್ಟೇ ಗುರುತಿಸುತ್ತಿರಲಿಲ್ಲ.

ಅಬುಧಾಬಿಯಲ್ಲಿದ್ದ ಇಂಗ್ಲಿಷ್ ಹೆಂಗಸು ಸ್ಟೇಸಿ ಮೇಡಂ ತಮ್ಮ ವಿಲ್ಲಾದ ಹಿಂದೆ, ತಮ್ಮೂರು ಸರ್ರಿಯಲ್ಲಿ ಇನ್ನೂರೈವತ್ತು ವರ್ಷಗಳ ಹಿಂದೆ ಇದ್ದಂಥ ತೋಟವನ್ನು ಇವನ ಕಚೇರಿಯಿಂದ ಮಾಡಿಸಿದ್ದರು. ಡೊಂಕು ಕೆರೆ, ಹೊಸದಾಗಿ ಕಟ್ಟಿದ ಹಾಳು ಕಮಾನು, ಒಂದು ಗುಡಿಸಲು. ಆ ಕಾಲದ ಶ್ರೀಮಂತರು ಅಂದಕ್ಕೆಂದು ಗುಡಿಸಲಲ್ಲೊಬ್ಬ ಸನ್ಯಾಸಿಯನ್ನೂ ಇಡುತ್ತಿದ್ದರಂತೆ. ಉದ್ಘಾಟನೆಯ ದಿನ ಸನ್ಯಾಸಿಯ ಪಾತ್ರದವನಿಗೆ ಜ್ವರ ಬಂತು. ಮ್ಯಾನೇಜರ್ ಮಸೂದರ ಕಣ್ಣು ದ್ವಾರಕನಾಥನ ಗಡ್ಡದ ಮೇಲೆ ಬಿತ್ತು.

“ಸುಮ್ಮನೆ ಕೂತ್ಕೊಳ್ಳಿ ಮಾರಾಯ್ರೆ. ಆರು ಗಂಟೆವರೆಗೆ ಬಾಯಿ ಬಿಡದಿದ್ರೆ ಇವತ್ತೇ ಊರಿಗೆ ಹೋಗಿ. ಒಂದು ಮಾತು ಬಂತೋ, ರಜೆ ಖಲಾಸ್.”

ಹೆಂಡತಿ ಇಂದ್ರಾಣಿ ತವರಿನಲ್ಲಿ ದಿನ ಎಣಿಸುತ್ತಿದ್ದಳು. ಮೂರು ಸಲ ಕೇಳಿದರೂ ಸಿಗದ ರಜೆ. ದ್ವಾರಕನಾಥ ಗೋಣಿಯಂಥ ನಿಲುವಂಗಿ ತೊಟ್ಟು ಕೂತ.

ನೀರು ಚಿಮುಕಿಸಿದ ಹುಲ್ಲಿನ ವಾಸನೆ ಬಂದದ್ದೇ ಮನಸ್ಸು ಮೈಸೂರಿಗೆ ಓಡಿತು. ದಸರೆಯಲ್ಲಿ ಕುಪ್ಪಣ್ಣ ಪಾರ್ಕಿನ ಹೂವಿನ ಪ್ರದರ್ಶನಕ್ಕೆ ತಾತ ಅವನನ್ನು ಹೆಗಲ ಮೇಲೆ ಹೊತ್ತು ಹೋಗುತ್ತಿದ್ದರು. ಚುರುಮುರಿಯ ಖಾರ ತಾತನ ಬೋಳುತಲೆಗೆಲ್ಲ ಉದುರುತ್ತಿತ್ತು. ಮದುವೆಯ ಹೊಸತರಲ್ಲಿ ಅಲ್ಲೇ ಇಂದ್ರಾಣಿ ಒಂದು ಡೇರೆ ಹೂವಿಗೆ ಕೈ ಹಾಕಿ, ಕಾವಲುಗಾರ ಸೀಟಿ ಊದಿ, ಇಬ್ಬರೂ ಗೇಟಿನವರೆಗೆ ಓಡಿದ್ದರು. ತನ್ನ ಹೆಗಲ ಮೇಲೂ ಒಂದು ಮಗು ಕೂರಬೇಕೆಂದು ಅವನಿಗೆ ಅಳುವಷ್ಟು ಆಸೆಯಾಯಿತು.

ಅತಿಥಿಗಳು ಆಸೆ ಪಡಲೂ ಬಿಡಲಿಲ್ಲ. ಒಬ್ಬ ಪೋರ ಗಡ್ಡ ನಿಜವೋ ಎಂದು ಜಗ್ಗಿದ. ಒಬ್ಬಾಕೆ ಟಾಯ್ಲೆಟ್ ಎಲ್ಲಿದೆಯೆಂದು ಹತ್ತು ನಿಮಿಷ ಪೀಡಿಸಿದಳು. ಗುಜರಾತಿನ ವ್ಯಾಪಾರಿಯೊಬ್ಬರು ಕಾಲು ಮುಟ್ಟಿ, ವೀಸಾ ಯಾವಾಗ ರಿನ್ಯೂ ಆಗುತ್ತದೆಂದು ಕೇಳಿದರು. ನಿಲುವಂಗಿಯೊಳಗೆ ಇರುವೆ ಹತ್ತಿತು. ಆದರೂ ದ್ವಾರಕನಾಥ ತುಟಿ ಪಿಟಕ್ಕೆನ್ನಲಿಲ್ಲ.

ನಾಲ್ಕು ಗಂಟೆಗೆ ಅವನ ಫೋನು ಹಿಡಿದು ಮಾಲಿ ಅಹ್ಮದ್ ಕುಂಞಿ ಏದುಸಿರು ಬಿಡುತ್ತ ಬಂದ.

“ದ್ವಾರಕಣ್ಣ, ಹೆಣ್ಣು ಮಗು. ತಾಯಿ, ಮಗು ಇಬ್ರೂ ಹುಷಾರು.”

“ನಾನು ಅಪ್ಪ ಆದೆ!” ದ್ವಾರಕನಾಥ ಕಿರುಚಿದ. ಅಹ್ಮದ್ ಕುಂಞಿಯನ್ನು ತಬ್ಬಿದ, ಕಮಾನಿಗೊಂದು ಸುತ್ತು ಬಂದ, ಜಾರಿ ಕೆರೆಯೊಳಗೆ ಮಂಡಿಯುದ್ದ ನೀರಿನಲ್ಲಿ ನಿಂತ. ದಡದಲ್ಲಿ ತಲೆಯ ಮೇಲೆ ಕೈಹೊತ್ತ ಮಸೂದ್ ಕಂಡಾಗಲೇ ರಜೆಯ ನೆನಪಾದದ್ದು.

ಆದರೆ ಅತಿಥಿಗಳು ಚಪ್ಪಾಳೆ ತಟ್ಟುತ್ತಿದ್ದರು. ಸ್ಟೇಸಿ ಮೇಡಂ ಆನಂದದಿಂದ ಕಣ್ಣೊರೆಸಿಕೊಂಡರು. ಸರ್ರಿಯ ಸನ್ಯಾಸಿಗೂ ಏಳು ವರ್ಷ ಮೌನದ ಕರಾರಿತ್ತಂತೆ. ಮೂರೇ ವಾರಕ್ಕೆ ಅವನು ತಪ್ಪಿಸಿಕೊಂಡು ಹೆಂಡದಂಗಡಿಯಲ್ಲಿ ಸಿಕ್ಕಿಬಿದ್ದನೆಂದು ಕತೆ. ಇತಿಹಾಸವನ್ನು ಇಷ್ಟು ಆಳವಾಗಿ ಓದಿಕೊಂಡ ಕಲಾವಿದನನ್ನು ತಾವು ಕಂಡೇ ಇಲ್ಲವೆಂದರು. ಏಪ್ರಿಲ್ ಕೊನೆಯವರೆಗೆ ದಿನಾ ಇದೇ ಆಗಬೇಕು, ಕೆರೆಗೆ ಬೀಳುವುದೂ ಸೇರಿ. ಮಸೂದ್ ಅಲ್ಲೇ ಕರಾರಿಗೆ ಸಹಿ ಹಾಕಿದರು.

“ಸರ್, ನನ್ನ ರಜೆ?”

“ಮೇ ತಿಂಗಳಲ್ಲಿ ನೋಡುವ ಮಾರಾಯ್ರೆ.”

ಮರುದಿನ ಸರಿಯಾಗಿ ನಾಲ್ಕು ಗಂಟೆಗೆ ದ್ವಾರಕನಾಥ ಮತ್ತೊಮ್ಮೆ ಅಪ್ಪನಾದ.