ಬೇರೆ ನೌಕರಿ ಸಿಕ್ಕವರಿಗೆ ಸಂತೋಷ ಹೇಳುವ ಕ್ರಮದ ಬಗ್ಗೆ

ಕಛೇರಿ, ಮಧುಗಿರಿ
(ಮೊಹರಿನಲ್ಲಿ ಇಲಾಖೆಯ ಹೆಸರು ಮೂಡಿರುವುದಿಲ್ಲ)

ಸಂಖ್ಯೆ: ಸಿಬ್ಬಂದಿ/ಸಂತೋಷ/17/81-82
ದಿನಾಂಕ: 24-8-1981

ಸುತ್ತೋಲೆ

ವಿಷಯ: ಬೇರೆ ನೌಕರಿ ಸಿಕ್ಕಿ ಹೊರಡುವ ಸಹೋದ್ಯೋಗಿಗಳನ್ನು ಅಭಿನಂದಿಸುವಾಗ ಮುಖ, ಬಾಯಿ ಮತ್ತು ಕೈಗಳನ್ನು ಇಟ್ಟುಕೊಳ್ಳಬೇಕಾದ ರೀತಿ.

ಉಲ್ಲೇಖ: (1) ದಿ. 21-8-1981ರ ಶುಕ್ರವಾರ ಯಾರೂ ಸಾಯದೆಯೇ ಈ ಕಛೇರಿಯಲ್ಲಿ ನಡೆದ ಸಂತಾಪ.
(2) ಪ್ರಥಮ ದರ್ಜೆ ಗುಮಾಸ್ತ ಶ್ರೀ ಶಂಕರಲಿಂಗಪ್ಪನವರ ಲಿಖಿತ ಸಮಜಾಯಿಷಿ (ಅರ್ಧ ಪುಟ ಕೇಳಲಾಗಿತ್ತು; ಒಂಬತ್ತು ಪುಟ ಬಂದಿದೆ).

ಈ ಕಛೇರಿಯ ದ್ವಿತೀಯ ದರ್ಜೆ ಗುಮಾಸ್ತ ಶ್ರೀ ಮೂಡಲಗಿರಿಯಪ್ಪನವರಿಗೆ ಪಾವಗಡದ ಬ್ಯಾಂಕೊಂದರಲ್ಲಿ ಕೆಲಸ ಸಿಕ್ಕಿರುವ ಆದೇಶ ಬುಧವಾರದ ಅಂಚೆಯಲ್ಲಿ ಬಂದಿತು. ಅದೇ ಕೆಲಸದ ಪರೀಕ್ಷೆಗೆ ಪಕ್ಕದ ಮೇಜಿನ ಶಂಕರಲಿಂಗಪ್ಪನವರೂ ಕುಳಿತಿದ್ದರು; ಅವರಿಗೆ ಆದೇಶ ಬರಲಿಲ್ಲ. ವಯೋಮಿತಿಯ ಪ್ರಕಾರ ಅದು ಅವರ ಕೊನೆಯ ಅವಕಾಶ. ಎರಡು ವರ್ಷ ಮಧ್ಯಾಹ್ನದ ಬಿಡುವಿನಲ್ಲಿ ಮೂಡಲಗಿರಿಯಪ್ಪನವರಿಗೆ ಗಣಿತ ಹೇಳಿಕೊಟ್ಟವರೂ ಅವರೇ. ಆದೇಶ ಬಂದ ಮೇಲೆ ಅವರು ಎರಡು ದಿನ ಬೀರುವಿನ ಬಾಗಿಲು ತೆರೆದಿಟ್ಟು, ಅದರ ಮರೆಯಲ್ಲೇ ಕೆಲಸ ಮಾಡಿದರೆಂದು ತಿಳಿದುಬಂದಿದೆ.

ಶುಕ್ರವಾರ ಮಧ್ಯಾಹ್ನ ಮೂಡಲಗಿರಿಯಪ್ಪನವರು ಬಿಡುಗಡೆಯಾಗುವ ಹೊತ್ತಿಗೆ ಶಂಕರಲಿಂಗಪ್ಪನವರು ಇನ್ನು ತಪ್ಪಿಸಿಕೊಳ್ಳಲಾಗದೆ ಎದ್ದುಬಂದರು. "ಬಹಳ ಸಂತೋಷವಾಯಿತು" ಎಂಬ ಎರಡೇ ಮಾತನ್ನು ಮನೆಯ ಕನ್ನಡಿಯ ಮುಂದೆ ಹೇಳಿ ರೂಢಿ ಮಾಡಿಕೊಂಡಿದ್ದರು. ಆದರೆ ಕೈ ಹಿಡಿದೊಡನೆ ಬೇರೆಯದೇ ಬಾಯಿಗೆ ಬಂದಿತು: "ಧೈರ್ಯ ತಗೋ ಮೂಡಲಗಿರಿಯಪ್ಪ. ನಮ್ಮ ಕೈಲಿ ಏನಿದೆ?" ಕಣ್ಣಲ್ಲಿ ನೀರೂ ಬಂದಿತು. ಬಾಗಿಲಲ್ಲಿದ್ದ ಜವಾನ ಕ್ಯಾತಣ್ಣನವರು "ಯಾರ್ ಸಾ ಓಗ್ಬುಟ್ರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸುದ್ದಿ ಮುಟ್ಟಿಸಲು ಹೊರಟೇಹೋದರು. ಈ ಹಿನ್ನೆಲೆಯಲ್ಲಿ ಸಿಬ್ಬಂದಿಗೆ ಕೆಳಕಂಡಂತೆ ಸೂಚಿಸದೆ ಬೇರೆ ದಾರಿ ಉಳಿದಿರುವುದಿಲ್ಲ:

1. ಹೊರಡುವವರಿಗೆ "ಧೈರ್ಯ ತಗೋ", "ಎಲ್ಲರೂ ಒಂದಿನ ಹೋಗೋರೇ", "ಇದ್ದಷ್ಟು ದಿನ ಚೆನ್ನಾಗಿದ್ರು" ಎನ್ನತಕ್ಕದ್ದಲ್ಲ. ಕೊನೆಯದನ್ನು ಅವರು ಬಸ್ಸು ಹತ್ತಿದ ಮೇಲೆ ಹೇಳಬಹುದು.

2. ಕ್ಯಾತಣ್ಣನವರ ಸುದ್ದಿ ಕೇಳಿ ಮೂವರು, ಸತ್ತವರು ಯಾರೆಂದು ವಿಚಾರಿಸದೆ, ಅರ್ಧ ದಿನದ ರಜೆ ಬರೆದಿಟ್ಟು ಹೋಗಿರುತ್ತಾರೆ. ಅವರಲ್ಲೊಬ್ಬರು ಸ್ನಾನವನ್ನೂ ಮಾಡಿರುತ್ತಾರೆ. ಇನ್ನು ಮುಂದೆ ಹೆಣವನ್ನು ಖಚಿತಪಡಿಸಿಕೊಳ್ಳದೆ ಸ್ನಾನ ಮಾಡತಕ್ಕದ್ದಲ್ಲ. ಈಗಾಗಲೇ ಆಗಿಹೋದ ಸ್ನಾನವನ್ನು ರದ್ದುಪಡಿಸಲು ಅವಕಾಶವಿಲ್ಲದ ಕಾರಣ, ಅದನ್ನು ಮುಂದಿನ ಶನಿವಾರದ ಎಣ್ಣೆಸ್ನಾನದಲ್ಲಿ ವಜಾ ಮಾಡಿಕೊಳ್ಳತಕ್ಕದ್ದು.

3. ಪಕ್ಕದ ಕಛೇರಿಯವರು ತಂದ ಹಾರವು ಮಲಗಿದವರ ಅಳತೆಯದಾಗಿತ್ತು. ವಾಪಸು ಒಯ್ಯಲು ನಾಚಿ ಅದನ್ನು ನಿಂತಿದ್ದ ಮೂಡಲಗಿರಿಯಪ್ಪನವರಿಗೇ ಹಾಕಲಾಗಿ, ಅವರು ಎಡವಿ ಬಿದ್ದರು. "ಇದ್ಯಾಕ್ ಸಾ ಇಷ್ಟುದ್ದ ತಂದವ್ರೆ?" ಎಂದು ಅವರು ಬಿದ್ದಲ್ಲಿಂದಲೇ ಕೇಳಿರುತ್ತಾರೆ. ಇನ್ನು ಮುಂದೆ ಹಾರ ಸ್ವೀಕರಿಸುವವರು ನಿಂತಿರುತ್ತಾರೋ ಮಲಗಿರುತ್ತಾರೋ ಎಂಬುದನ್ನು ಹೂವಿನವರಿಗೆ ಮುಂಚಿತವಾಗಿ ತಿಳಿಸತಕ್ಕದ್ದು.

4. ಅಭಿನಂದಿಸುವಾಗ ಮೇಲಿನ ಸಾಲಿನ ನಾಲ್ಕು ಹಲ್ಲು ಕಾಣತಕ್ಕದ್ದು. ನಾಲ್ಕಿಲ್ಲದವರು ಇರುವಷ್ಟನ್ನು ತೋರಿಸಿ, ಬಾಕಿಗೆ ವೈದ್ಯಕೀಯ ಪ್ರಮಾಣಪತ್ರ ಲಗತ್ತಿಸತಕ್ಕದ್ದು.

5. ಮಾಡಿದ ಎಡವಟ್ಟನ್ನು ಸರಿಪಡಿಸಲೆಂದು ಶಂಕರಲಿಂಗಪ್ಪನವರು ಮೂಡಲಗಿರಿಯಪ್ಪನವರ ಟ್ರಂಕು ಹೊತ್ತುಕೊಂಡು ಬಸ್ ನಿಲ್ದಾಣಕ್ಕೆ ಹೋದರು. ಬಸ್ಸಿನೊಳಗೆ ಟ್ರಂಕು ಇಟ್ಟು, ಮತ್ತೆ ಕೈ ಹಿಡಿದು, "ನಂಗೆ ಬಹಳ..." ಎಂದವರು ಮುಂದಿನ ಮಾತು ಸಿಗದೆ ಕೈ ಕುಲುಕುತ್ತಲೇ ಇದ್ದರು. ಬಸ್ಸು ಹೊರಟಿತು. ಕಂಡಕ್ಟರು "ಇಂಕ ಮಿಡಿಗೇಶಿ ತಂಕ ನಿಲ್ಸಾಂಗಿಲ್ಲಪ್ಪೋ, ಕೂಚೋ!" ಎಂದು ತೆಲುಗು ಬೆರೆಸಿ, ಕುಳಿತುಕೊಳ್ಳಲು ಸೂಚಿಸಿದರು. ಆದ್ದರಿಂದ ಯಾವುದೇ ಕೈಕುಲುಕು ತಾಲ್ಲೂಕಿನ ಗಡಿಯನ್ನು ದಾಟತಕ್ಕದ್ದಲ್ಲ.

6. ಮಿಡಿಗೇಶಿ ಬಂದಾಗಲೂ ಶಂಕರಲಿಂಗಪ್ಪನವರು ಇಳಿಯಲಿಲ್ಲ. ಊರು ದಾಟಿದ ಮೇಲೆ, ಸಮಜಾಯಿಷಿಯ ಏಳನೇ ಪುಟದ ಪ್ರಕಾರ, ಹೀಗೆಂದರು: "ಹೊಟ್ಟೆ ಉರೀತು ಕಣಪ್ಪಾ. ನಿನ್ನ ಆರ್ಡರ್ ನೋಡಿದ ದಿನದಿಂದ ಅನ್ನ ಸೇರ್ಲಿಲ್ಲ."

ಮೂಡಲಗಿರಿಯಪ್ಪನವರು "ಗೊತ್ತು ಸಾ. ನಿಮ್ ಬೀರು ಬಾಗ್ಲು ತೆಗ್ದಿದ್ದೇ ನಂಗೂ ಒಳ್ಳೇದಾಯ್ತು. ನಿಮ್ ಮಕ ನೋಡಾಕೆ ನಂಗೆ ಎಲ್ಲೈತೆ ಧೈರ್ಯ?" ಎಂದರು.

ಇಬ್ಬರಿಗೂ ನಗು ಬಂದಿತು. ಅದು ನಿಲ್ಲದೆ, ಮುಂದಿನ ಸೀಟಿನವರು ಕಾರಣ ಗೊತ್ತಿಲ್ಲದೆಯೂ ನಕ್ಕರು. ಹೊಟ್ಟೆಯುರಿಯನ್ನು ಬಾಯಿಬಿಟ್ಟು ಹೇಳಿಕೊಳ್ಳಲು ನಿಗದಿತ ನಮೂನೆ ಇರುವುದಿಲ್ಲ. ನಮೂನೆ ಅಚ್ಚಾಗಿ ಬರುವವರೆಗೆ ನೌಕರರು ಮಿಡಿಗೇಶಿಯ ಆಚೆ ಮಾತ್ರ ಹೇಳಿಕೊಳ್ಳತಕ್ಕದ್ದು.

7. ಶನಿವಾರ ಬೆಳಿಗ್ಗೆ ಬ್ಯಾಂಕಿನ ಮೆಟ್ಟಿಲ ಬಳಿ ಮೂಡಲಗಿರಿಯಪ್ಪನವರು "ಸಾ, ಒಳಗೆ ಲೆಕ್ಕ ತಪ್ಪೋದ್ರೆ? ವಾಪಸ್ ಓಗ್ಬುಡಾನ" ಎಂದು ತಿರುಗಿ ನಿಂತರು. ಶಂಕರಲಿಂಗಪ್ಪನವರು ಅವರ ಕಾಲರು ಸರಿಪಡಿಸಿ, "ಲೇ, ನಾನು ಹೇಳಿಕೊಟ್ಟ ಲೆಕ್ಕ ಕಣೋ ಅದು, ತಪ್ಪಲ್ಲ. ನಡಿ ಒಳಕ್ಕೆ" ಎಂದು ಬೆನ್ನಿಗೆ ಕೈಯಿಟ್ಟು ತಳ್ಳಿದರು. ಬಾಗಿಲು ಮುಚ್ಚಿಕೊಂಡ ಮೇಲೂ ಅಲ್ಲೇ ನಿಂತಿದ್ದರು. ಒಳಗೆ ಕುರ್ಚಿ ಎಳೆದ ಸದ್ದು ಕೇಳಿದ ಮೇಲೆ, ಎದುರಿಗೆ ಯಾರೂ ಇಲ್ಲದಾಗ, "ಬಹಳ ಸಂತೋಷವಾಯಿತು" ಎಂಬ ಮಾತು ತಡವರಿಸದೆ ಬಾಯಿಂದ ಬಂದಿತೆಂದು ಒಂಬತ್ತನೇ ಪುಟದಲ್ಲಿ ಬರೆದಿರುತ್ತಾರೆ. ತಳ್ಳಿದ್ದನ್ನು ಅಭಿನಂದನೆಯೆಂದು ಪರಿಗಣಿಸಬಹುದೇ ಎಂಬುದನ್ನು ತೀರ್ಮಾನಿಸುವ ಅಧಿಕಾರ ಈ ಕಛೇರಿಗೆ ಇರುವುದಿಲ್ಲ. ಅವರ ಶನಿವಾರದ ಗೈರುಹಾಜರಿಯನ್ನು ಮಾತ್ರ ಕರ್ತವ್ಯವೆಂದೇ ಮಂಜೂರು ಮಾಡಿದೆ.

(ಸಹಿ)
ಮಹಾಲಿಂಗಯ್ಯ
ಅಧೀಕ್ಷಕರು

ಪ್ರತಿಗಳು:
1. ಸೂಚನಾ ಫಲಕಕ್ಕೆ, ಅಲ್ಲಿ ಅಂಟಿಸಿರುವ ಸಂತಾಪ ಸೂಚನೆಯನ್ನು ಕಿತ್ತ ನಂತರ.
2. ಪಕ್ಕದ ಕಛೇರಿಗೆ, ಯಾರೂ ಸತ್ತಿರುವುದಿಲ್ಲವೆಂಬ ಮಾಹಿತಿಗಾಗಿ.
3. ಬಸ್ ನಿಲ್ದಾಣದ ಹೂವಿನ ರಂಗಕ್ಕನವರಿಗೆ, ಅಳತೆಯ ದಾರದೊಂದಿಗೆ.
4. ಶ್ರೀಮತಿ ಕರಿಬಸಮ್ಮ ಶಂಕರಲಿಂಗಪ್ಪನವರಿಗೆ: ತಮ್ಮ ಯಜಮಾನರು ಶುಕ್ರವಾರ ರಾತ್ರಿ ಪಾವಗಡದಲ್ಲೇ ಇದ್ದರೆಂದು ಈ ಮೂಲಕ ದೃಢೀಕರಿಸಿದೆ. ಅವರು ಈಗ ಸರಿಯಾಗಿ ಊಟ ಮಾಡುತ್ತಿದ್ದಾರೆಯೇ ಎಂಬುದನ್ನು ಮರುಟಪಾಲಿನಲ್ಲಿ ತಿಳಿಸತಕ್ಕದ್ದು.